ಚೈನ್‌ಸಾ ಕೈಕೊಟ್ಟಾಗ ಮೊದಲು ನೆಲಕ್ಕೆ ಬಿದ್ದ ಹುಡಿ ನೋಡಿ

ಸೌದೆ ಕೊಯ್ಯುವಾಗ ಚೈನ್‌ಸಾ ಕೈಕೊಟ್ಟರೆ ಎಲ್ಲರ ಕೈಯೂ ಮೊದಲು ಹೋಗುವುದು ಸ್ಕ್ರೂಡ್ರೈವರ್ ಕಡೆಗೆ. ಕಾರ್ಬೊರೇಟರಿನ ಸ್ಕ್ರೂ ಆ ಕಡೆ ಸ್ವಲ್ಪ, ಈ ಕಡೆ ಸ್ವಲ್ಪ ತಿರುಗಿಸಿ ನೋಡುತ್ತಾರೆ. ಆಮೇಲೆ ಮೆಷಿನ್ ಇನ್ನೂ ಹದಗೆಡುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ನಾನು ಕಂಡ ಹಾಗೆ ಹೆಚ್ಚಿನ ಸಲ ತೊಂದರೆ ಎಂಜಿನ್ ಒಳಗೆ ಇರುವುದೇ ಇಲ್ಲ. ಒಂದೋ ಚೈನಿನ ಹಲ್ಲಿನಲ್ಲಿರುತ್ತದೆ, ಇಲ್ಲಾ ಟ್ಯಾಂಕಿಗೆ ಹಾಕಿದ ಪೆಟ್ರೋಲಿನಲ್ಲಿರುತ್ತದೆ. ಎರಡನ್ನೂ ನೋಡುವುದಕ್ಕೆ ಹತ್ತು ನಿಮಿಷ ಸಾಕು, ಖರ್ಚೂ ಇಲ್ಲ. ಕಾರ್ಬೊರೇಟರ್ ಮುಟ್ಟುವುದು ಎಲ್ಲಕ್ಕಿಂತ ಕೊನೆಯ ಕೆಲಸ.

ಇಲ್ಲಿ ಭಾಗಗಳ ಲೆಕ್ಕದಲ್ಲಿ ಹೇಳಿಲ್ಲ, ನಿಮಗೆ ಕಾಣಿಸುವ ಲಕ್ಷಣದ ಲೆಕ್ಕದಲ್ಲಿ ಹೇಳಿದ್ದೇನೆ. ನಿಮ್ಮ ಮೆಷಿನ್ ಏನು ಮಾಡುತ್ತಿದೆಯೋ ಆ ಜಾಗಕ್ಕೆ ನೇರ ಹೋಗಿ.

ಕೈ ಹಾಕುವ ಮೊದಲು

ಪೆಟ್ರೋಲ್ ಮೆಷಿನ್ ಆದರೆ ಆಫ್ ಮಾಡಿ ಸ್ಪಾರ್ಕ್ ಪ್ಲಗ್ಗಿನ ಕ್ಯಾಪ್ ಎಳೆದು ಪಕ್ಕಕ್ಕೆ ಸರಿಸಿ. ಕರೆಂಟಿನದ್ದಾದರೆ ವೈರನ್ನು ಸಾಕೆಟ್‌ನಿಂದ ಕಿತ್ತುಬಿಡಿ. ಬ್ಯಾಟರಿಯದ್ದಾದರೆ ಬ್ಯಾಟರಿಯನ್ನೇ ಹೊರಗೆ ತೆಗೆಯಿರಿ. ನಿಂತ ಚೈನ್ ಕೂಡ ಕೈ ಕೊಯ್ಯುತ್ತದೆ, ಆದ್ದರಿಂದ ಚೈನ್ ಮುಟ್ಟುವಾಗ ದಪ್ಪ ಗ್ಲೌಸ್ ಇರಲಿ.

ಓಡಿಸಿ ನೋಡಲೇಬೇಕಾದ ಪರೀಕ್ಷೆ ಕೆಲವಿವೆ. ಅವಕ್ಕೆ ಹೆಲ್ಮೆಟ್, ಮುಖದ ಜಾಲರಿ, ಕಿವಿ ಮುಚ್ಚುವ ಮಫ್, ಕಾಲಿಗೆ ಚೈನ್‌ಸಾ ಪ್ಯಾಂಟ್ ಅಥವಾ ಚಾಪ್ಸ್, ಗಟ್ಟಿ ಬೂಟು ಹಾಕಿಕೊಂಡೇ ಕೈ ಹಾಕಿ. ಸ್ಟಾರ್ಟ್ ಮಾಡುವುದು ನೆಲದ ಮೇಲಿಟ್ಟು: ಚೈನ್ ಬ್ರೇಕ್ ಹಾಕಿ, ಹಿಂದಿನ ಹಿಡಿಯೊಳಗೆ ಬಲಗಾಲಿನ ಬೂಟಿನ ತುದಿ ತೂರಿಸಿ ಒತ್ತಿ ಹಿಡಿದು, ಎಡಗೈಯಲ್ಲಿ ಮುಂದಿನ ಹಿಡಿ ಬಿಗಿಯಾಗಿ ಹಿಡಿದು ಹಗ್ಗ ಎಳೆಯಿರಿ. ಗಾಳಿಯಲ್ಲಿ ಕೆಳಕ್ಕೆ ಬಿಡುತ್ತಾ ಹಗ್ಗ ಎಳೆಯುವವರನ್ನು ನೋಡಿರುತ್ತೀರಿ. ಅದನ್ನು ಕಲಿಯಬೇಡಿ.

ಎಂಜಿನ್ ಓಡುತ್ತದೆ, ಮರ ಮಾತ್ರ ಕೊಯ್ಯುತ್ತಿಲ್ಲ

ಇದೇ ಎಲ್ಲಕ್ಕಿಂತ ಜಾಸ್ತಿ ಕೇಳಿಬರುವ ದೂರು. ಎಂಜಿನ್ ಜೋರಾಗಿ ಕೂಗುತ್ತದೆ, ನೀವು ಮೈಭಾರ ಹಾಕಿ ಒತ್ತುತ್ತೀರಿ, ಬಾರ್ (ಚೈನ್ ಸುತ್ತುವ ಉದ್ದನೆಯ ಲೋಹದ ಪಟ್ಟಿ) ಮಾತ್ರ ಇದ್ದಲ್ಲೇ ಇರುತ್ತದೆ. ಆಗ ಆಫ್ ಮಾಡಿ, ಕೆಳಗೆ ಬಿದ್ದದ್ದನ್ನು ಒಂದು ಹಿಡಿ ಎತ್ತಿ ಅಂಗೈಯಲ್ಲಿ ಹರಡಿ ನೋಡಿ. ಹರಿತವಾದ ಚೈನ್ ಚಕ್ಕೆ ಉದುರಿಸುತ್ತದೆ. ಒಂದೊಂದಾಗಿ ಹೆಕ್ಕಬಹುದಾದಂಥ, ಅಂಚಿರುವ ಚೂರು. ಮೊಂಡಾದ ಚೈನ್ ಉದುರಿಸುವುದು ಹಿಟ್ಟು. ಬೆರಳಿನ ಮಧ್ಯೆ ಉಜ್ಜಿದರೆ ನುಣ್ಣಗೆ ಜಾರುತ್ತದೆ, ಊದಿದರೆ ಹಾರುತ್ತದೆ. ಕೊಳೆತ ಮರ, ತುಂಬಾ ಒಣಗಿದ ಮರ ಕೊಯ್ದರೆ ಹರಿತ ಚೈನ್ ಕೂಡ ಸ್ವಲ್ಪ ಸಣ್ಣ ಹುಡಿ ಕೊಡುತ್ತದೆ, ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಿ. ಹಸಿ ಮರದಲ್ಲೂ ಹಿಟ್ಟೇ ಬರುತ್ತಿದ್ದರೆ ಅನುಮಾನವೇ ಬೇಡ, ಹಲ್ಲು ಹೋಗಿದೆ.

ಇನ್ನೊಂದು ಗುರುತು ಕೈಗೇ ಗೊತ್ತಾಗುತ್ತದೆ. ಚೈನ್ ಸರಿಯಿದ್ದರೆ ಬಾರನ್ನು ಒತ್ತಬೇಕಾಗಿಲ್ಲ, ಮೆಷಿನ್ ತನ್ನ ಭಾರದಲ್ಲೇ ಇಳಿದು ಮರದೊಳಗೆ ಎಳೆದುಕೊಂಡು ಹೋಗುತ್ತದೆ.

ಹೊಸ ಚೈನ್ ಹಾಕಿದ ಕೂಡಲೇ ಹೀಗಾಯಿತಾ? ಹಾಗಾದರೆ ಅರ ಹುಡುಕುವ ಮೊದಲು ಚೈನ್ ಹಿಂದುಮುಂದಾಗಿ ಕೂತಿದೆಯಾ ನೋಡಿ. ಬಾರಿನ ಮೇಲ್ಭಾಗದಲ್ಲಿ ಹಲ್ಲಿನ ಹರಿತವಾದ ಅಂಚು ಬಾರಿನ ತುದಿಯ ಕಡೆಗೆ ಮುಖ ಮಾಡಿರಬೇಕು. ಉಲ್ಟಾ ಹಾಕಿದ ಚೈನ್ ಸುತ್ತುತ್ತದೆ, ಶಬ್ದ ಮಾಡುತ್ತದೆ, ಮರವನ್ನು ಸುಮ್ನೆ ಉಜ್ಜಿ ಕಪ್ಪು ಮಾಡುತ್ತದೆ. ವರ್ಷಗಟ್ಟಲೆ ಮೆಷಿನ್ ಹಿಡಿದವರೂ ಗಡಿಬಿಡಿಯಲ್ಲಿ ಈ ತಪ್ಪು ಮಾಡುತ್ತಾರೆ.

ದಿಕ್ಕು ಸರಿಯಿದ್ದರೆ ಒಂದು ಹಲ್ಲನ್ನು ಹತ್ತಿರದಿಂದ ನೋಡಿ. ಬಿಸಿಲಿಗೆ ಅಥವಾ ಟಾರ್ಚ್ ಬೆಳಕಿಗೆ ಹಿಡಿದು, ಮೇಲಿನ ತಟ್ಟೆ ಮತ್ತು ಪಕ್ಕದ ತಟ್ಟೆ ಸೇರುವ ಮೂಲೆಯ ಮೇಲೆ ಕಣ್ಣಿಡಿ. ಹರಿತವಾದ ಅಂಚು ಬೆಳಕನ್ನು ವಾಪಸು ಕೊಡುವುದಿಲ್ಲ, ಗೆರೆಯೇ ಕಾಣುವುದಿಲ್ಲ. ಮೊಂಡಾಗಿದ್ದರೆ ಅಂಚಿನುದ್ದಕ್ಕೂ ಕೂದಲೆಳೆಯಂಥ ಬಿಳಿ ಗೆರೆ ಮಿನುಗುತ್ತದೆ. ಆ ಗೆರೆ ಪೂರ್ತಿ ಮಾಯವಾಗುವ ತನಕ ಅರ ಹಾಕಬೇಕು. ಮೂಲೆಯಲ್ಲಿ ಇನ್ನೂ ಚುಕ್ಕೆಯಷ್ಟು ಹೊಳಪು ಉಳಿದಿದ್ದರೂ ಆ ಹಲ್ಲು ಸರಿಯಾಗಿ ಕೊಯ್ಯುವುದಿಲ್ಲ, ಯಾಕೆಂದರೆ ಮರದ ನಾರನ್ನು ಮೊದಲು ಕತ್ತರಿಸುವುದೇ ಆ ಮೂಲೆ.

ಈ ಹಲ್ಲಿನ ಆಕಾರದ ಹಿಂದೆ ಒಂದು ಕತೆಯಿದೆ. ಮೊದಲಿನ ಚೈನುಗಳಿಗೆ ಕೈಗರಗಸದಂಥ ಹಲ್ಲು ಇರುತ್ತಿತ್ತು, ಅದನ್ನು ಹರಿತ ಮಾಡುವುದೇ ದೊಡ್ಡ ಕೆಲಸ. 1946ರಲ್ಲಿ ಅಮೆರಿಕದ ಓರೆಗಾನ್‌ನಲ್ಲಿ ಮರ ಕೊಯ್ಯುತ್ತಿದ್ದ ಜೋಸೆಫ್ ಕಾಕ್ಸ್, ಮರ ಕೊರೆಯುವ ಜೀರುಂಡೆಯ ಮರಿಹುಳು ಒಂದು ಬುಡದಲ್ಲಿ ತಿನ್ನುತ್ತಾ ಹೋಗುವುದನ್ನು ಗಮನಿಸಿದರು. ಅದು ನಾರಿನ ಉದ್ದಕ್ಕೂ ಅಡ್ಡಕ್ಕೂ ಎರಡೂ ದಿಕ್ಕಿನಲ್ಲಿ ಸಲೀಸಾಗಿ ಸಾಗುತ್ತಿತ್ತು, ಬಾಯಿಯ ಎಡ ಬಲದ ಕೊಕ್ಕೆಗಳಿಂದ ಒಮ್ಮೆ ಆ ಕಡೆ ಒಮ್ಮೆ ಈ ಕಡೆ ಕೊರೆಯುತ್ತಾ. ಅದನ್ನೇ ಉಕ್ಕಿನಲ್ಲಿ ಮಾಡಿ ಮರುವರ್ಷ ಮಾರಾಟಕ್ಕೆ ತಂದರು. ಇವತ್ತಿಗೂ ನಮ್ಮ ಚೈನಿನಲ್ಲಿ ಒಂದು ಹಲ್ಲು ಎಡಕ್ಕೆ, ಮುಂದಿನದು ಬಲಕ್ಕೆ ಇರುವುದು ಅದಕ್ಕೇ. ಎರಡೂ ಬದಿ ಸಮ ಇರಬೇಕು ಅನ್ನುವುದು ಇಲ್ಲಿಂದಲೇ ಬಂದ ಮಾತು. ಮುಂದೆ ಇದು ಮತ್ತೆ ಬರುತ್ತದೆ.

ಅರ ಹಾಕುವ ಬಗ್ಗೆ. ಗುಂಡು ಅರದ ದಪ್ಪ ಚೈನಿನ ಕೊಂಡಿಗಳ ಅಂತರಕ್ಕೆ, ಅಂದರೆ ಪಿಚ್‌ಗೆ ಸರಿಹೊಂದಬೇಕು. ಮನೆಬಳಕೆಯ ಸಣ್ಣ ಮೆಷಿನ್‌ಗಳಲ್ಲಿ ಬರುವ 3/8 ಇಂಚಿನ ಲೋ ಪ್ರೊಫೈಲ್ ಚೈನಿಗೆ ಸಾಮಾನ್ಯವಾಗಿ 4 ಮಿ.ಮೀ., .325 ಇಂಚಿನದಕ್ಕೆ 4.8 ಮಿ.ಮೀ., ದೊಡ್ಡ ಮೆಷಿನ್‌ನ 3/8 ಚೈನಿಗೆ ಸಾಮಾನ್ಯವಾಗಿ 5.5 ಮಿ.ಮೀ. ನಿಮ್ಮದು ಯಾವ ಪಿಚ್ ಅಂತ ಗೊತ್ತಿಲ್ಲದಿದ್ದರೆ ಬಾರಿನ ಮೇಲೆ ಕೆತ್ತಿರುವುದನ್ನು ಓದಿ, ಇಲ್ಲಾ ಸಾಲಾಗಿ ಬರುವ ಮೂರು ರಿವೆಟ್‌ಗಳ ಮೊದಲಿನಿಂದ ಕೊನೆಯದರ ತನಕ ಅಳೆದು ಎರಡರಿಂದ ಭಾಗಿಸಿ. ಹಲ್ಲಿನ ಮೇಲಿನ ಕೋನ ಹೆಚ್ಚಿನ ಚೈನುಗಳಲ್ಲಿ 30 ಡಿಗ್ರಿ, ಕೆಲವದರಲ್ಲಿ 25. ಒಳಗಿನಿಂದ ಹೊರಕ್ಕೆ ಮಾತ್ರ ತಳ್ಳಿ, ವಾಪಸು ಬರುವಾಗ ಅರ ಎತ್ತಿಬಿಡಿ. ಎಲ್ಲಕ್ಕಿಂತ ಗಿಡ್ಡ ಆಗಿರುವ ಹಲ್ಲನ್ನು ಹುಡುಕಿ ಉಳಿದವನ್ನು ಅದರ ಉದ್ದಕ್ಕೆ ತನ್ನಿ.

ಚೆನ್ನಾಗಿ ಅರ ಹಾಕಿದ ಮೇಲೂ ಹಿಟ್ಟೇ ಬರುತ್ತಿದೆಯಾ? ಆಗ ಪ್ರತಿ ಹಲ್ಲಿನ ಮುಂದೆ ಇರುವ ಗೂಟದಂಥ ಭಾಗ ನೋಡಿ. ಅದೇ ಡೆಪ್ತ್ ಗೇಜ್. ಹಲ್ಲು ಮರಕ್ಕೆ ಎಷ್ಟು ಆಳ ಕಚ್ಚಬೇಕು ಅಂತ ತೀರ್ಮಾನಿಸುವುದು ಅದು. ಅರ ಹಾಕಿದ ಹಾಗೆಲ್ಲ ಹಲ್ಲು ಹಿಂದಕ್ಕೂ ಕೆಳಕ್ಕೂ ಸರಿಯುತ್ತದೆ, ಗೂಟ ಮಾತ್ರ ಇದ್ದಷ್ಟೇ ಎತ್ತರ ಇರುತ್ತದೆ, ಕೊನೆಗೆ ಹಲ್ಲು ಮರ ಮುಟ್ಟುವುದೇ ಕಷ್ಟವಾಗುತ್ತದೆ. ಸಾಮಾನ್ಯವಾಗಿ ಗೂಟ ಹಲ್ಲಿಗಿಂತ 0.65 ಮಿ.ಮೀ. ತಗ್ಗಿರಬೇಕು. ಅಳತೆಪಟ್ಟಿ ಇಟ್ಟು, ಮೇಲೆ ಇಣುಕಿದ್ದನ್ನು ಮಾತ್ರ ಚಪ್ಪಟೆ ಅರದಿಂದ ತೆಗೆಯಿರಿ. ಅಂದಾಜಿನಲ್ಲಿ ಜಾಸ್ತಿ ತೆಗೆದರೆ ಚೈನ್ ಮರವನ್ನು ಕಚ್ಚಿ ಕಚ್ಚಿ ಎಳೆಯುತ್ತದೆ, ಮೆಷಿನ್ ಜಗ್ಗುತ್ತದೆ, ಬಾರ್ ಮುಖದ ಕಡೆಗೆ ಎಗರುವ ಅಪಾಯ ಹೆಚ್ಚಾಗುತ್ತದೆ. ತೆಗೆದದ್ದನ್ನು ಮತ್ತೆ ಅಂಟಿಸುವುದಕ್ಕಾಗುವುದಿಲ್ಲ ಅಲ್ವಾ, ಆದ್ದರಿಂದ ಕಡಿಮೆ ತೆಗೆದು ಕೊಯ್ದು ನೋಡಿ.

ಹಲ್ಲು ಬೇಗ ಬೇಗ ಮೊಂಡಾಗುತ್ತಿದ್ದರೆ ಕಾರಣ ಚೈನಿನಲ್ಲಿಲ್ಲ, ಮಣ್ಣಿನಲ್ಲಿದೆ. ತುದಿ ಒಮ್ಮೆ ನೆಲ ಮುಟ್ಟಿದರೂ ಸಾಕು, ಹಲ್ಲು ಹೋಯಿತು. ಎಳೆದು ತಂದ ದಿಮ್ಮಿಯ ತೊಗಟೆಯಲ್ಲಿ ಮರಳು ಕೂತಿರುತ್ತದೆ. ಕೊಯ್ಯುವ ಜಾಗದ ತೊಗಟೆಯನ್ನು ಕತ್ತಿಯಿಂದ ಕೆತ್ತಿ ಅಥವಾ ಬ್ರಷ್‌ನಿಂದ ಉಜ್ಜಿ ಆಮೇಲೆ ಕೊಯ್ಯಿರಿ. ದಿಮ್ಮಿಯನ್ನು ಮರದ ಸ್ಟ್ಯಾಂಡ್ ಮೇಲೆ ಏರಿಸಿಕೊಂಡರೆ ಈ ಗೋಳೇ ಇರುವುದಿಲ್ಲ.

ಸೀದಾ ಹೋಗದೆ ಬಿಲ್ಲಿನ ಹಾಗೆ ಬಾಗಿ ಕೊಯ್ಯುತ್ತದೆ

ದಪ್ಪ ದಿಮ್ಮಿಯಲ್ಲಿ ಮಾತ್ರ ಇದು ಚೆನ್ನಾಗಿ ಕಾಣುತ್ತದೆ. ಮೇಲೆ ನೇರ ಶುರುವಾದ ಗೆರೆ ಕೆಳಗೆ ಬರುವಷ್ಟರಲ್ಲಿ ಪಕ್ಕಕ್ಕೆ ಹೋಗಿರುತ್ತದೆ. ಒಂದು ಬದಿಯ ಹಲ್ಲು ಹರಿತ, ಇನ್ನೊಂದು ಬದಿಯದು ಮೊಂಡು ಅಥವಾ ಗಿಡ್ಡ ಆಗಿದ್ದರೆ ಹೀಗಾಗುತ್ತದೆ. ಹರಿತ ಇರುವ ಬದಿಗೆ ಬಾರ್ ಎಳೆದುಕೊಳ್ಳುತ್ತದೆ. ಕಲ್ಲಿಗೆ ಒಂದು ಬದಿ ತಾಗಿದ್ದರೂ ಇದೇ ಗತಿ. ನಮ್ಮಲ್ಲಿ ಹೆಚ್ಚಿನವರಿಗೆ ಅರ ಹಾಕುವಾಗ ಒಂದು ಬದಿ ಕೈಗೆ ಸಲೀಸು, ಇನ್ನೊಂದು ಬದಿ ಅಡ್ಡಾದಿಡ್ಡಿ, ಹಾಗಾಗಿ ವ್ಯತ್ಯಾಸ ನಿಧಾನಕ್ಕೆ ಬೆಳೆಯುತ್ತದೆ.

ಆದರೆ ಬಾರ್ ಸವೆದಿದ್ದರೂ ಹೀಗೇ ಆಗುತ್ತದೆ. ಯಾವುದು ಅಂತ ಕಂಡುಹಿಡಿಯುವುದು ಸುಲಭ. ಬಾರ್ ಬಿಚ್ಚಿ ಮೇಲಿನದು ಕೆಳಕ್ಕೆ ಬರುವ ಹಾಗೆ ತಿರುಗಿಸಿ ಹಾಕಿ, ಅದೇ ದಿಮ್ಮಿಯಲ್ಲಿ ಇನ್ನೊಂದು ತುಂಡು ಕೊಯ್ಯಿರಿ. ಬಾಗು ಬದಲಾದರೆ ಅಥವಾ ಹೋದರೆ ತಪ್ಪು ಬಾರಿನದು. ಬದಲಾಗದೆ ಅದೇ ಬದಿಗೆ ಹೋದರೆ ಚೈನಿನದು. ಬಾರಿನದ್ದಾದರೆ ಅದರ ಅಂಚನ್ನು ಸಮತಟ್ಟಾದ ಗಾಜಿನ ಮೇಲೆ ನಿಲ್ಲಿಸಿ ನೋಡಿ, ಅಂಚಿನ ಎರಡು ಹಳಿಗಳಲ್ಲಿ (ಚೈನ್ ಕೂರುವ ಸಂದಿನ ಎರಡು ಗೋಡೆ) ಒಂದು ಗಿಡ್ಡವಾಗಿದ್ದರೆ ಬಾರ್ ವಾಲಿ ನಿಲ್ಲುತ್ತದೆ. ಚಪ್ಪಟೆ ಅರದಿಂದ ಎರಡೂ ಹಳಿ ಸಮ ಮಾಡಬಹುದು, ಹೊರಕ್ಕೆ ಚಾಚಿದ ಸಿವುರನ್ನೂ ಆಗಲೇ ತೆಗೆಯಿರಿ. ಕಾಡಿಯ, ಅಂದರೆ ಆ ಸಂದಿನ, ಆಳ ಹೋಗಿ ಚೈನಿನ ಕೆಳಗಿನ ಕೊಂಡಿ ಕಾಡಿಯ ತಳಕ್ಕೆ ತಾಗುತ್ತಿದ್ದರೆ, ಅಥವಾ ಕಾಡಿ ಅಗಲವಾಗಿ ಚೈನ್ ಬೆರಳಿಗೆ ಅತ್ತಿತ್ತ ಜೋಲಾಡುತ್ತಿದ್ದರೆ ಬಾರ್ ಬದಲಿಸುವುದೇ ದಾರಿ. ಪ್ರತಿ ಸಲ ಚೈನ್ ಬಿಚ್ಚಿದಾಗ ಬಾರ್ ತಿರುಗಿಸಿ ಹಾಕುವ ಅಭ್ಯಾಸ ಮಾಡಿಕೊಂಡರೆ ಎರಡೂ ಅಂಚು ಸಮನಾಗಿ ಸವೆಯುತ್ತವೆ.

ಬಾರ್ ಹತ್ತಿರ ಹೊಗೆ, ಸುಟ್ಟ ವಾಸನೆ

ಮೊದಲ ಪ್ರಶ್ನೆ: ಚೈನ್ ಬ್ರೇಕ್ ಹಾಕಿಕೊಂಡೇ ಆಕ್ಸಿಲರೇಟರ್ ಒತ್ತಿದಿರಾ? ಹಾಗಾದರೆ ಸುಡುತ್ತಿರುವುದು ಕ್ಲಚ್. ತಕ್ಷಣ ಬಿಡಿ, ತಣ್ಣಗಾಗಲಿ.

ಅದಲ್ಲದಿದ್ದರೆ ಚೈನ್ ಆಯಿಲ್ ಬರುತ್ತಿಲ್ಲ. ಒಂದು ಒಣಗಿದ ಮರದ ಬುಡ ಅಥವಾ ರಟ್ಟಿನ ಹತ್ತಿರ ಬಾರಿನ ತುದಿಯನ್ನು ಗೇಣು ದೂರದಲ್ಲಿ ಹಿಡಿದು ಅರ್ಧ ಆಕ್ಸಿಲರೇಟರ್‌ನಲ್ಲಿ ಓಡಿಸಿ. ಸ್ವಲ್ಪ ಹೊತ್ತಿನಲ್ಲಿ ಎಣ್ಣೆಯ ಗೆರೆ ಮೂಡಬೇಕು. ಮೂಡದಿದ್ದರೆ ಬಾರ್ ಬಿಚ್ಚಿ, ಅದರ ಬುಡದಲ್ಲಿರುವ ಸಣ್ಣ ತೂತು ನೋಡಿ. ಹತ್ತಕ್ಕೆ ಒಂಬತ್ತು ಸಲ ಅಲ್ಲೇ ಹುಡಿ ಮತ್ತು ಎಣ್ಣೆ ಸೇರಿ ಅಂಟಿನ ಹಾಗೆ ಗಟ್ಟಿಯಾಗಿರುತ್ತದೆ. ತಂತಿಯಿಂದ ಚುಚ್ಚಿ ತೆಗೆಯಿರಿ, ಕಾಡಿಯನ್ನೂ ಬುಡದಿಂದ ತುದಿಯ ತನಕ ಕೆರೆಯಿರಿ. ಬಾರ್ ಇಲ್ಲದೆ ಓಡಿಸಿದಾಗಲೂ ಮೆಷಿನ್ ಬದಿಯ ತೂತಿನಿಂದ ಎಣ್ಣೆ ಬರದಿದ್ದರೆ ಟ್ಯಾಂಕಿನೊಳಗಿನ ಫಿಲ್ಟರ್, ಆಮೇಲೆ ಪಂಪ್. ಸರಿಯಿರುವ ಮೆಷಿನ್‌ನಲ್ಲಿ ಒಂದು ಟ್ಯಾಂಕ್ ಪೆಟ್ರೋಲ್ ಮುಗಿಯುವಷ್ಟರಲ್ಲಿ ಚೈನ್ ಆಯಿಲ್ ಟ್ಯಾಂಕ್ ಕೂಡ ಮುಗಿಯುತ್ತಾ ಬಂದಿರುತ್ತದೆ. ಪೆಟ್ರೋಲ್ ಖಾಲಿ, ಆಯಿಲ್ ಹಾಗೇ ಇದೆ ಅಂದರೆ ಖುಷಿಪಡಬೇಡಿ. ಗಾಡಿಯಿಂದ ತೆಗೆದ ಹಳೆ ಎಂಜಿನ್ ಆಯಿಲ್ ಹಾಕಬೇಡಿ, ಅದು ಚೈನಿಗೆ ಅಂಟಿ ನಿಲ್ಲುವುದಿಲ್ಲ, ಅದರಲ್ಲಿರುವ ಲೋಹದ ಪುಡಿ ಪಂಪನ್ನು ತಿನ್ನುತ್ತದೆ.

ಎಣ್ಣೆ ಬರುತ್ತಿದ್ದೂ ಹೊಗೆ ಬಂದರೆ ಚೈನ್ ಅತಿ ಬಿಗಿ ಆಗಿದೆ, ಇಲ್ಲಾ ಮೊಂಡಾಗಿದೆ.

ಚೈನ್ ಕಳಚುತ್ತದೆ, ಅಥವಾ ಸುಮ್ಮನಿರಬೇಕಾದಾಗ ಸುತ್ತುತ್ತದೆ

ಕಳಚುವುದಕ್ಕೆ ಸಡಿಲವೇ ಮುಖ್ಯ ಕಾರಣ. ತಣ್ಣಗಿರುವಾಗ ಚೈನ್ ಬಾರಿನ ಕೆಳಗೆ ಜೋತು ಬೀಳದೆ ಅಂಟಿಕೊಂಡಿರಬೇಕು, ಕೈಯಲ್ಲಿ ಎಳೆದರೆ ಸಲೀಸಾಗಿ ಸುತ್ತಬೇಕು. ಬಿಗಿ ಮಾಡುವಾಗ ನಟ್ಟು ಸಡಿಲಿಸಿ, ಬಾರಿನ ತುದಿಯನ್ನು ಮೇಲಕ್ಕೆತ್ತಿ ಹಿಡಿದೇ ಬಿಗಿ ಮಾಡಿ ನಟ್ಟು ಹಾಕಿ. ತುದಿ ಎತ್ತದೆ ಮಾಡಿದರೆ ಮೊದಲ ತುಂಡಿಗೇ ಮತ್ತೆ ಸಡಿಲ. ಹೊಸ ಚೈನ್ ಮೊದಲ ದಿನ ಹಿಗ್ಗುತ್ತದೆ, ಪದೇ ಪದೇ ನೋಡುತ್ತಿರಿ. ಬಿಸಿಯಾಗಿದ್ದಾಗ ಬಿಗಿ ಮಾಡಿದ್ದರೆ ಕೆಲಸ ಮುಗಿದ ಮೇಲೆ ಸಡಿಲ ಬಿಡಿ, ತಣ್ಣಗಾದಾಗ ಅದು ಕುಗ್ಗುತ್ತದೆ.

ಬಿಗಿ ಸರಿಯಿದ್ದೂ ಕಳಚಿದರೆ ಚೈನಿನ ಗೇಜ್ (ಕೆಳಗಿನ ಕೊಂಡಿಯ ದಪ್ಪ) ಮತ್ತು ಬಾರಿನ ಗೇಜ್ (ಕಾಡಿಯ ಅಗಲ) ಒಂದೇನಾ ಅಂತ ಓದಿ ನೋಡಿ. 1.1, 1.3, 1.5, 1.6 ಮಿ.ಮೀ. ಹೀಗೆ ಬೇರೆ ಬೇರೆ ಇರುತ್ತವೆ. ಚೈನನ್ನು ಎಳೆಯುವ ಹಲ್ಲುಚಕ್ರದಲ್ಲಿ (ಸ್ಪ್ರಾಕೆಟ್) ಅರ್ಧ ಮಿ.ಮೀ. ಆಳದ ಗುಳಿ ಬಿದ್ದಿದ್ದರೆ ಅದನ್ನೂ ಬದಲಿಸಿ.

ಆಕ್ಸಿಲರೇಟರ್ ಬಿಟ್ಟ ಮೇಲೂ ಚೈನ್ ಸುತ್ತುತ್ತಿದ್ದರೆ ಆ ಮೆಷಿನ್‌ನಲ್ಲಿ ಇನ್ನೊಂದು ತುಂಡೂ ಕೊಯ್ಯಬೇಡಿ. ಐಡಲ್ ಸ್ಕ್ರೂವನ್ನು (ಆಕ್ಸಿಲರೇಟರ್ ಬಿಟ್ಟಾಗಿನ ವೇಗ ಹೊಂದಿಸುವುದು) ಎಡಕ್ಕೆ ತಿರುಗಿಸಿ ನಿಧಾನ ಮಾಡಿ. ಎಂಜಿನ್ ನಿಂತುಹೋಗುವಷ್ಟು ನಿಧಾನ ಮಾಡಿದರೂ ಸುತ್ತುತ್ತಿದ್ದರೆ ಕ್ಲಚ್ಚಿನ ಸ್ಪ್ರಿಂಗ್ ತುಂಡಾಗಿದೆ ಅಥವಾ ಹಿಗ್ಗಿದೆ. ಕ್ಲಚ್ ಬಿಚ್ಚುವವರಿಗೆ ಒಂದು ಮಾತು: ಹೆಚ್ಚಿನ ಮೆಷಿನ್‌ಗಳಲ್ಲಿ ಅದರ ಮರೆ (ಥ್ರೆಡ್) ಉಲ್ಟಾ, ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತದೆ.

ಸ್ಟಾರ್ಟೇ ಆಗುತ್ತಿಲ್ಲ

ಸ್ವಿಚ್ ಆನ್ ಇದೆಯಾ? ಟ್ಯಾಂಕಿನಲ್ಲಿ ಪೆಟ್ರೋಲ್ ಇದೆಯಾ? ಕೇಳುವುದಕ್ಕೆ ಸಣ್ಣ ಪ್ರಶ್ನೆ, ಆದರೂ ಇಲ್ಲಿಂದಲೇ ಶುರು ಮಾಡಿ.

ಮುಂದಿನದು ಪೆಟ್ರೋಲಿನ ವಯಸ್ಸು. ಪೆಟ್ರೋಲಿಗೆ ಆಯಿಲ್ ಬೆರೆಸಿ ತಿಂಗಳಿಗಿಂತ ಜಾಸ್ತಿ ಆಗಿದ್ದರೆ ಅದನ್ನೇ ಮೊದಲು ಅನುಮಾನಿಸಿ. ಎಥನಾಲ್ ಬೆರೆತ ಪೆಟ್ರೋಲ್ ಗಾಳಿಯ ತೇವ ಹೀರುತ್ತದೆ, ತೇವ ಜಾಸ್ತಿಯಾದರೆ ನೀರೂ ಎಥನಾಲೂ ಬೇರೆಯಾಗಿ ತಳಕ್ಕೆ ಇಳಿಯುತ್ತವೆ, ಟ್ಯಾಂಕಿನ ಪೈಪು ಹೀರುವುದು ತಳದಿಂದಲೇ. ಸ್ವಲ್ಪ ಗಾಜಿನ ಸೀಸೆಗೆ ಬಗ್ಗಿಸಿ ನೋಡಿ. ಎರಡು ಪದರ ಕಂಡರೆ, ಮಬ್ಬಾಗಿದ್ದರೆ ಅಥವಾ ವಾರ್ನಿಷ್ ವಾಸನೆ ಬಂದರೆ ಪೂರ್ತಿ ಖಾಲಿ ಮಾಡಿ ಹೊಸದು ಹಾಕಿ. ಮಿಶ್ರಣದ ಪ್ರಮಾಣ ಮೆಷಿನ್ ಜೊತೆ ಬಂದ ಪುಸ್ತಕದಲ್ಲಿರುತ್ತದೆ. ಈಗಿನ ಹೆಚ್ಚಿನ ಮೆಷಿನ್‌ಗಳಿಗೆ ಒಳ್ಳೆ ಟೂ ಸ್ಟ್ರೋಕ್ ಆಯಿಲ್ ಹಾಕಿದರೆ 50:1, ಅಂದರೆ ಲೀಟರಿಗೆ 20 ಮಿ.ಲೀ. ಕೆಲವಕ್ಕೆ 25:1, ಲೀಟರಿಗೆ 40 ಮಿ.ಲೀ. ಆಯಿಲ್ ಹಾಕದ ಪೆಟ್ರೋಲ್ ತಪ್ಪಿ ಹಾಕಿದರೆ ಪಿಸ್ಟನ್ ಕೆಲವೇ ನಿಮಿಷದಲ್ಲಿ ಕೆರೆದುಹೋಗಬಹುದು. ಕ್ಯಾನ್ ಮೇಲೆ ದಿನಾಂಕ ಮತ್ತು ಪ್ರಮಾಣ ಬರೆದಿಡಿ.

ಈಗ ಸ್ಪಾರ್ಕ್ ಪ್ಲಗ್ ಬಿಚ್ಚಿ. ಅದು ಎಷ್ಟೋ ವಿಷಯ ಹೇಳುತ್ತದೆ. ಒದ್ದೆಯಾಗಿದ್ದರೆ ಪೆಟ್ರೋಲ್ ಬರುತ್ತಿದೆ, ಜಾಸ್ತಿಯೇ ಬಂದಿದೆ. ಚೋಕ್ ಹಾಕಿಕೊಂಡು ಹತ್ತಾರು ಸಲ ಎಳೆದರೆ ಹೀಗಾಗುತ್ತದೆ. ತಣ್ಣಗಿನ ಎಂಜಿನ್‌ಗೆ ಕ್ರಮ ಇಷ್ಟೇ: ಪೂರ್ತಿ ಚೋಕ್ ಹಾಕಿ ಎಳೆಯಿರಿ, ಒಮ್ಮೆ ‘ಪುಟ್’ ಅಂದ ಕೂಡಲೇ ಅರ್ಧ ಚೋಕ್‌ಗೆ ತನ್ನಿ, ಮತ್ತೆ ಎಳೆಯಿರಿ. ಆ ಸಣ್ಣ ‘ಪುಟ್’ ಕಿವಿಗೆ ಬೀಳದೆ ಎಳೆಯುತ್ತಲೇ ಹೋಗುವುದರಿಂದ ಎಷ್ಟೋ ಸರಿಯಿರುವ ಮೆಷಿನ್‌ಗಳು ರಿಪೇರಿಗೆ ಹೋಗುತ್ತವೆ. ಹೀಗೆ ಪೆಟ್ರೋಲಿನಲ್ಲಿ ಮುಳುಗಿದ ಎಂಜಿನ್ ಆದರೆ ಪ್ಲಗ್ ಹೊರಗಿಟ್ಟು, ಸ್ವಿಚ್ ಆಫ್ ಮಾಡಿ, ಚೋಕ್ ತೆಗೆದು ಏಳೆಂಟು ಸಲ ಎಳೆಯಿರಿ, ಒಳಗಿನ ಪೆಟ್ರೋಲ್ ಹೊರಬರುತ್ತದೆ. ಪ್ಲಗ್ ಒರೆಸಿ ಒಣಗಿಸಿ ಹಾಕಿ.

ಪ್ಲಗ್ ಒಣಗಿದ್ದರೆ ಪೆಟ್ರೋಲ್ ಬರುತ್ತಲೇ ಇಲ್ಲ. ಟ್ಯಾಂಕಿನೊಳಗಿನ ಪೈಪನ್ನು ತಂತಿಯ ಕೊಕ್ಕೆಯಿಂದ ಎಳೆದು ತುದಿಯ ಫಿಲ್ಟರ್ ನೋಡಿ. ಪೈಪನ್ನು ಬಾಗಿಸಿ ಬಿರುಕು ಬಿಟ್ಟಿದೆಯಾ ನೋಡಿ, ರಬ್ಬರ್ ಹಳೆಯದಾದರೆ ಒಳಗೊಳಗೇ ಸೀಳಿರುತ್ತದೆ. ಎರಡೂ ಸರಿಯಿದ್ದರೆ ಕಾರ್ಬೊರೇಟರ್ ಒಳಗಿನ ತೆಳು ಪೊರೆ (ಡಯಾಫ್ರಮ್) ಗಟ್ಟಿಯಾಗಿರುವ ಸಾಧ್ಯತೆ ಜಾಸ್ತಿ, ಅದು ಕಿಟ್ ಹಾಕಿ ಸರಿ ಮಾಡುವ ಕೆಲಸ.

ಕಿಡಿ ನೋಡಬೇಕಾದರೆ ಪ್ಲಗ್ಗನ್ನು ಕ್ಯಾಪಿಗೆ ಸಿಕ್ಕಿಸಿ, ಅದರ ಲೋಹದ ಮೈ ಎಂಜಿನ್ ಲೋಹಕ್ಕೆ ತಾಗುವ ಹಾಗಿಟ್ಟು ಹಗ್ಗ ಎಳೆಯಿರಿ. ಪ್ಲಗ್ ತೂತಿನಿಂದ ದೂರ ಇರಲಿ, ಸುತ್ತ ಪೆಟ್ರೋಲ್ ಚೆಲ್ಲಿರಬಾರದು. ಕಿಡಿ ಇಲ್ಲದಿದ್ದರೆ ಹೊಸ ಪ್ಲಗ್ ಹಾಕಿ ನೋಡಿ, ತುದಿಯ ಅಂತರ ಸಾಮಾನ್ಯವಾಗಿ 0.5 ಮಿ.ಮೀ. ಆಗಲೂ ಇಲ್ಲದಿದ್ದರೆ ಕಿಡಿಗೆ ಕರೆಂಟ್ ಕೊಡುವ ಕಾಯಿಲ್‌ನಿಂದ ಸ್ವಿಚ್‌ಗೆ ಹೋಗುವ ಸಣ್ಣ ವೈರ್ ಕಳಚಿ ಮತ್ತೆ ಎಳೆಯಿರಿ. ಕಿಡಿ ಬಂತಾ, ಸ್ವಿಚ್ ಅಥವಾ ಆ ವೈರ್ ಕೆಟ್ಟಿದೆ. ಬರಲಿಲ್ಲವಾ, ಕಾಯಿಲ್ ಹೋಗಿದೆ. ಇದು ಪರೀಕ್ಷೆಗೆ ಮಾತ್ರ, ವೈರ್ ಮತ್ತೆ ಜೋಡಿಸಿಯೇ ಸ್ಟಾರ್ಟ್ ಮಾಡಿ, ಇಲ್ಲದಿದ್ದರೆ ಸ್ವಿಚ್‌ನಿಂದ ಆಫ್ ಆಗುವುದಿಲ್ಲ.

ಪೆಟ್ರೋಲೂ ಕಿಡಿಯೂ ಇದ್ದು ಸ್ಟಾರ್ಟ್ ಆಗದಿದ್ದರೆ, ಪ್ಲಗ್ ಬಿಗಿಯಾಗಿ ಹಾಕಿ ಸ್ವಿಚ್ ಆಫ್ ಮಾಡಿ ಹಗ್ಗದ ಹಿಡಿಯಿಂದ ಮೆಷಿನ್ ಎತ್ತಿ ತೂಗುಬಿಡಿ. ಹಗ್ಗ ಎಳೆಯುವುದನ್ನು ಹಗುರ ಮಾಡುವ ಡಿಕಂಪ್ರೆಷನ್ ಗುಂಡಿ ಇದ್ದರೆ ಒತ್ತಿರಬಾರದು. ತಡೆತಡೆದು ಇಳಿದರೆ ಒಳ್ಳೆಯದು. ಒಂದೇ ಸಮ ಜಾರಿ ಇಳಿದರೆ ಕಂಪ್ರೆಷನ್ ಇಲ್ಲ, ಅಂದರೆ ಸಿಲಿಂಡರಿನೊಳಗೆ ಒತ್ತಡ ಕಟ್ಟುತ್ತಿಲ್ಲ. ಸೈಲೆನ್ಸರ್ ಬಿಚ್ಚಿ ಕಿಂಡಿಯೊಳಗೆ ಟಾರ್ಚ್ ಬಿಟ್ಟರೆ ಪಿಸ್ಟನ್ ಕಾಣುತ್ತದೆ. ಉದ್ದುದ್ದ ಗೀರು ಇದ್ದರೆ ಮನೆಯಲ್ಲಿ ಮಾಡುವಂಥದ್ದು ಏನೂ ಉಳಿದಿಲ್ಲ. ಸೈಲೆನ್ಸರ್ ಕೈಯಲ್ಲಿದ್ದಾಗಲೇ ಅದರ ಬಾಯಿಯ ಸಣ್ಣ ಜಾಲರಿಯನ್ನೂ ನೋಡಿ. ಮಸಿ ಕಟ್ಟಿದ್ದರೆ ಎಂಜಿನ್ ಉಸಿರು ಬಿಡುವುದಕ್ಕೇ ಆಗುವುದಿಲ್ಲ.

ಹತ್ತು ಹದಿನೈದು ನಿಮಿಷ ಓಡಿ ನಿಂತುಹೋಗುತ್ತದೆ

ಇದು ನನ್ನನ್ನು ಒಂದು ಪೂರ್ತಿ ವಾರ ಕಾಡಿದ ತೊಂದರೆ. ಬೆಳಿಗ್ಗೆ ಒಂದೇ ಎಳೆತಕ್ಕೆ ಸ್ಟಾರ್ಟ್. ಏಳೆಂಟು ತುಂಡು ಚೆನ್ನಾಗಿ ಕೊಯ್ಯುತ್ತಿತ್ತು. ಆಮೇಲೆ ಉಸಿರು ಕಟ್ಟಿದ ಹಾಗೆ ಸದ್ದು ಏರಿ, ಸಣ್ಣಗಾಗಿ, ನಿಂತುಬಿಡುತ್ತಿತ್ತು. ಅರ್ಧ ಗಂಟೆ ಬಿಟ್ಟರೆ ಮತ್ತೆ ಸರಿ. ರಿಪೇರಿಯವರು ಕಾರ್ಬೊರೇಟರ್ ಬಿಚ್ಚಿ ತೊಳೆದುಕೊಟ್ಟರು, ಮರುದಿನ ಮತ್ತದೇ. ಹೊಸ ಪ್ಲಗ್, ಹೊಸ ಫಿಲ್ಟರ್, ಮತ್ತದೇ. ಒಂದು ದಿನ ನಿಂತ ಮೇಲೆ ಪೆಟ್ರೋಲ್ ಎಷ್ಟಿದೆ ಅಂತ ನೋಡುವುದಕ್ಕೆ ಮುಚ್ಚಳ ನಿಧಾನಕ್ಕೆ ತಿರುಗಿಸಿದೆ. ‘ಸ್ಸ್ಸ್’ ಅಂತ ಗಾಳಿ ಒಳಕ್ಕೆ ಎಳೆದುಕೊಂಡ ಶಬ್ದ. ಮುಚ್ಚಳ ಮತ್ತೆ ಹಾಕಿ ಎಳೆದರೆ ತಕ್ಷಣ ಸ್ಟಾರ್ಟ್ ಆಯಿತು. ಅಲ್ಲಿಗೆ ಗೊತ್ತಾಯಿತು. ಟ್ಯಾಂಕಿಗೆ ಗಾಳಿ ಹೋಗುವ ವೆಂಟ್ ಮುಚ್ಚಿಹೋಗಿತ್ತು. ಪೆಟ್ರೋಲ್ ಖರ್ಚಾದ ಹಾಗೆಲ್ಲ ಒಳಗೆ ನಿರ್ವಾತ ಕಟ್ಟಿಕೊಂಡು, ಕೊನೆಗೆ ಕಾರ್ಬೊರೇಟರಿಗೆ ಪೆಟ್ರೋಲ್ ಹೀರುವುದಕ್ಕೇ ಆಗುತ್ತಿರಲಿಲ್ಲ. ಬೆರಳಿನ ಉಗುರಿನಷ್ಟು ದೊಡ್ಡ ವೆಂಟ್ ಬದಲಿಸಿದೆ, ಆಮೇಲೆ ಇವತ್ತಿನ ತನಕ ಆ ತೊಂದರೆ ಬಂದಿಲ್ಲ.

ಮುಚ್ಚಳ ತೆಗೆಯುವಾಗ ಜೋಪಾನ. ಬಿಸಿ ಎಂಜಿನ್‌ನಲ್ಲಿ ಕೆಲವೊಮ್ಮೆ ಉಲ್ಟಾ ಒತ್ತಡ ಇರುತ್ತದೆ, ಪೆಟ್ರೋಲ್ ಚಿಮ್ಮಬಹುದು. ಕೆಲವು ನಿಮಿಷ ಬಿಟ್ಟು, ಮುಖ ದೂರ ಇಟ್ಟು, ಸ್ವಲ್ಪ ಸ್ವಲ್ಪವೇ ತಿರುಗಿಸಿ.

ಶಬ್ದ ಬರಲಿಲ್ಲ, ಮುಚ್ಚಳ ತೆಗೆದು ಹಾಕಿದರೂ ಸ್ಟಾರ್ಟ್ ಆಗಲಿಲ್ಲ ಅಂದರೆ, ಬಿಸಿ ಇರುವಾಗಲೇ ಕಿಡಿ ಪರೀಕ್ಷೆ ಮಾಡಿ. ಕೆಲವು ಕಾಯಿಲ್ ತಣ್ಣಗಿರುವಾಗ ಕಿಡಿ ಕೊಡುತ್ತವೆ, ಬಿಸಿಯಾದರೆ ಕೊಡುವುದಿಲ್ಲ. ತಣ್ಣಗಾದ ಮೇಲೆ ನೋಡಿದರೆ ಎಲ್ಲ ಸರಿ ಅನ್ನಿಸಿ ಮೋಸಹೋಗುತ್ತೀರಿ.

ಇಷ್ಟಾದ ಮೇಲೆ ಸ್ಕ್ರೂ

ಏರ್ ಫಿಲ್ಟರ್ ಸ್ವಚ್ಛ, ಪೆಟ್ರೋಲ್ ಹೊಸದು, ಚೈನ್ ಹರಿತ. ಈ ಮೂರೂ ಆಗಿದ್ದರೆ ಮಾತ್ರ ಮುಂದಕ್ಕೆ ಹೋಗಿ. ಮಣ್ಣು ಮೆತ್ತಿದ ಏರ್ ಫಿಲ್ಟರ್ ಇಟ್ಟುಕೊಂಡು ಸ್ಕ್ರೂ ಹೊಂದಿಸಿದರೆ, ಆಮೇಲೆ ಫಿಲ್ಟರ್ ತೊಳೆದ ದಿನ ಗಾಳಿ ಜಾಸ್ತಿಯಾಗಿ ಪಿಸ್ಟನ್ ಸುಡುತ್ತದೆ. ಆಕ್ಸಿಲರೇಟರ್ ಒತ್ತಿದಾಗ ತಡವರಿಸಿದರೆ ಎಲ್ ಸ್ಕ್ರೂ, ಪೂರ್ತಿ ವೇಗದಲ್ಲಿ ಸೊರಗಿದರೆ ಎಚ್ ಸ್ಕ್ರೂ, ಐಡಲ್‌ಗೆ ಮೂರನೆಯದು. ಮೊದಲು ಈಗ ಎಲ್ಲಿದೆ ಅಂತ ಗುರುತು ಮಾಡಿಕೊಳ್ಳಿ. ಎಚ್ ಸ್ಕ್ರೂವನ್ನು ಒಳಕ್ಕೆ ಬಿಗಿ ಮಾಡಿದಷ್ಟೂ ಪೆಟ್ರೋಲ್ ಕಡಿಮೆಯಾಗುತ್ತದೆ, ಸದ್ದು ಕೀರಲು ಆಗುತ್ತದೆ, ಮೆಷಿನ್‌ಗೆ ಬಲ ಬಂತು ಅನ್ನಿಸುತ್ತದೆ. ಎಂಜಿನ್ ಸಾಯುವುದು ಅಲ್ಲೇ. ಮರಕ್ಕೆ ಇಡದೆ ಪೂರ್ತಿ ವೇಗ ಕೊಟ್ಟಾಗ ಸ್ವಲ್ಪ ಗೊರಗೊರ ಅನ್ನಬೇಕು, ಮರಕ್ಕೆ ಇಳಿದ ಕೂಡಲೇ ಆ ಗೊರಗೊರ ಹೋಗಿ ಸ್ವಚ್ಛ ಆಗಬೇಕು. ನಿಮ್ಮ ಕಿವಿಗೆ ಈ ವ್ಯತ್ಯಾಸ ಇನ್ನೂ ಗೊತ್ತಾಗದಿದ್ದರೆ ಎಚ್ ಸ್ಕ್ರೂ ಗೊತ್ತಿರುವವರ ಕೈಗೆ ಕೊಡಿ.

ಕರೆಂಟಿನದೂ ಬ್ಯಾಟರಿಯದೂ

ಮಧ್ಯೆ ಮಧ್ಯೆ ನಿಂತರೆ ಮೋಟಾರ್ ಬೈಯುವ ಮೊದಲು ಚೈನ್ ನೋಡಿ, ಮೊಂಡು ಚೈನ್ ಓವರ್‌ಲೋಡ್ ಮಾಡುತ್ತದೆ. ಆಮೇಲೆ ಎಕ್ಸ್‌ಟೆನ್ಶನ್ ವೈರ್: ಉದ್ದವಾದ, ತೆಳ್ಳಗಿನ, ಸುತ್ತಿಟ್ಟ ವೈರ್ ಬಿಸಿಯಾಗುತ್ತದೆ, ವೋಲ್ಟೇಜ್ ಬೀಳುತ್ತದೆ. ಬ್ರಷ್ ಇರುವ ಮೋಟಾರಿನಲ್ಲಿ ಕಿಡಿ ಜಾಸ್ತಿ ಹಾರಿ ಬಲ ಕುಂದಿದರೆ ಕಾರ್ಬನ್ ಬ್ರಷ್ ಸವೆದಿದೆ. ಬ್ಯಾಟರಿ ಬಿಸಿಯಾಗಿ ತಾನೇ ಆಫ್ ಆದರೆ ತಣಿಯಲು ಬಿಡಿ. ಪೆಟ್ರೋಲ್ ಮೆಷಿನ್ ಹಾಗಲ್ಲ, ಇವುಗಳಲ್ಲಿ ಚೈನ್ ಬ್ರೇಕ್ ಹಾಕಿದ್ದರೆ ಹೆಚ್ಚಿನವು ಸ್ಟಾರ್ಟೇ ಆಗುವುದಿಲ್ಲ.

ಬಾರ್ ಮರದಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ

ಇದು ಮೆಷಿನ್‌ನ ದೋಷ ಅಲ್ಲ, ದಿಮ್ಮಿ ಕೂತಿರುವ ರೀತಿಯದು. ಎರಡು ತುದಿಗೆ ಆಸರೆ ಇದ್ದು ನಡುವೆ ಖಾಲಿ ಇದ್ದರೆ ದಿಮ್ಮಿ ನಡುವೆ ಕುಸಿಯುತ್ತದೆ, ಮೇಲಿನಿಂದ ಕೊಯ್ದ ಬಾಯಿ ಮುಚ್ಚಿಕೊಳ್ಳುತ್ತದೆ. ಮೇಲಿನಿಂದ ಮೂರನೇ ಒಂದು ಭಾಗ ಕೊಯ್ದು ಉಳಿದದ್ದನ್ನು ಕೆಳಗಿನಿಂದ ಕೊಯ್ಯಿರಿ. ಒಂದೇ ತುದಿಗೆ ಆಸರೆ ಇದ್ದು ಇನ್ನೊಂದು ಗಾಳಿಯಲ್ಲಿದ್ದರೆ ಉಲ್ಟಾ: ಮೊದಲು ಕೆಳಗಿನಿಂದ ಮೂರನೇ ಒಂದು ಭಾಗ, ಆಮೇಲೆ ಮೇಲಿನಿಂದ. ಬಾರಿನ ತುದಿಯ ಮೇಲಿನ ಕಾಲುಭಾಗ ಬೇರೆ ದಿಮ್ಮಿಗೆ ತಾಗದ ಹಾಗೆ ನೋಡಿಕೊಳ್ಳಿ, ಮೆಷಿನ್ ಮುಖಕ್ಕೆ ಎಗರುವುದು ಅಲ್ಲಿ ತಾಗಿದಾಗಲೇ. ಸಿಕ್ಕಿಕೊಂಡಾಗ ಎಂಜಿನ್ ಓಡಿಸುತ್ತಾ ಎಳೆದಾಡಬೇಡಿ. ಆಫ್ ಮಾಡಿ, ಮರದ ಅಥವಾ ಪ್ಲಾಸ್ಟಿಕ್ ಬೆಣೆ ಹೊಡೆದು ಬಾಯಿ ಅಗಲಿಸಿ ಬಿಡಿಸಿಕೊಳ್ಳಿ.

ಒಟ್ಟಿದ ಸೌದೆ ವಾಲುತ್ತದೆ, ಬೂಷ್ಟು ಹಿಡಿಯುತ್ತದೆ

ಬೂಷ್ಟಿಗೆ ಕಾರಣ ಗಾಳಿ ಇಲ್ಲದಿರುವುದು. ತಳಕ್ಕೆ ಅಡ್ಡ ಮರ ಕೊಟ್ಟು ನೆಲದಿಂದ ಗೇಣು ಎತ್ತರದಲ್ಲಿ ಒಟ್ಟಿ, ಗೋಡೆಗೆ ಅಂಟಿಸಬೇಡಿ, ಹೊದಿಕೆ ತಲೆಯ ಮೇಲೆ ಮಾತ್ರ ಹಾಕಿ ಬದಿ ತೆರೆದಿಡಿ. ಪ್ಲಾಸ್ಟಿಕ್ ಹಾಳೆಯಲ್ಲಿ ಪೂರ್ತಿ ಸುತ್ತಿದರೆ ಒಳಗೇ ಬೆವರುತ್ತದೆ. ದಪ್ಪ ತುಂಡನ್ನು ಸೀಳಿಯೇ ಒಟ್ಟಿ, ತೊಗಟೆ ನೀರನ್ನು ಒಳಗೇ ಹಿಡಿದಿಡುತ್ತದೆ. ತೇವ ಶೇ. 20ಕ್ಕಿಂತ ಕೆಳಗೆ ಬಂದರೆ ಹೊಗೆ ಕಡಿಮೆ, ಉರಿ ಚೆನ್ನ. ಮೀಟರ್ ಇದ್ದರೆ ಹೊರಮೈಗೆ ಚುಚ್ಚಬೇಡಿ, ಒಂದು ತುಂಡು ಆಗಷ್ಟೇ ಸೀಳಿ ಒಳಮೈಗೆ ಚುಚ್ಚಿ. ಮೀಟರ್ ಇಲ್ಲದಿದ್ದರೆ ಒಂದು ತುಂಡಿಗೆ ಗುರುತು ಹಾಕಿ, ಆಗಾಗ ತೂಗಿ, ತೂಕ ಬರೆದಿಡಿ. ತೂಕ ಇಳಿಯುವುದು ನಿಂತ ಮೇಲೆ ಅದು ಒಣಗಿದೆ.

ವಾಲುವುದಕ್ಕೆ ನೆಲ ಕುಸಿದದ್ದು, ಒಂದು ಬದಿ ಬಿಸಿಲಿಗೆ ಬೇಗ ಒಣಗಿ ಕುಗ್ಗಿದ್ದು, ತುದಿಗೆ ಆಸರೆ ಇಲ್ಲದ್ದು, ಹೀಗೆ ಕಾರಣ ಹಲವು. ಎರಡು ತುದಿಯಲ್ಲಿ ತುಂಡುಗಳನ್ನು ಒಂದು ಸಾಲು ಉದ್ದಕ್ಕೆ, ಮೇಲಿನ ಸಾಲು ಅಡ್ಡಕ್ಕೆ ಇಟ್ಟು ಕಂಬದ ಹಾಗೆ ಕಟ್ಟಿಕೊಂಡರೆ ನಡುವಿನದು ನಿಲ್ಲುತ್ತದೆ. ಎತ್ತರ ಎದೆಮಟ್ಟಕ್ಕಿಂತ ಬೇಡ.

ಆದರೆ ಇವೆಲ್ಲ ಸರಿಯಿದ್ದೂ ಒಟ್ಟಿದ ಸೌದೆ ಒಂದೇ ಬದಿಗೆ ವಾಲುತ್ತಿದ್ದ ವರ್ಷ ನನಗೆ ಕಾರಣ ಸಿಕ್ಕಿದ್ದು ತುಂಡುಗಳಲ್ಲೇ. ಒಂದು ಗಿಡ್ಡ ದಪ್ಪ ತುಂಡನ್ನು ಸಿಮೆಂಟ್ ನೆಲದ ಮೇಲೆ ನೆಟ್ಟಗೆ ನಿಲ್ಲಿಸಿದೆ, ಅದು ಓರೆ ನಿಂತಿತು. ಇನ್ನೊಂದೂ ಓರೆ, ಮತ್ತೊಂದೂ ಓರೆ. ಎಲ್ಲದರ ಕೊಯ್ದ ಮುಖವೂ ಒಂದೇ ಕಡೆಗೆ ಬಾಗಿತ್ತು, ಹಾಗಾಗಿ ಉದ್ದವೂ ಒಂದೊಂದು ಬದಿಯಲ್ಲಿ ಒಂದೊಂದು ಥರ. ಚೈನ್ ತಿರುಗಿಸಿ ನೋಡಿದರೆ ಎಡಬದಿಯ ಹಲ್ಲುಗಳು ಬಲಬದಿಯವಕ್ಕಿಂತ ಅಕ್ಕಿಕಾಳಿನ ಅರ್ಧದಷ್ಟು ಗಿಡ್ಡ. ಬಲಬದಿಯ ಒಂದೊಂದು ಹಲ್ಲಿಗೂ ಅರ ಹಾಕಿ ಎಡದ ಉದ್ದಕ್ಕೆ ತಂದೆ, ಡೆಪ್ತ್ ಗೇಜ್ ಸರಿ ಮಾಡಿದೆ, ಅದಕ್ಕೆ ಒಂದು ಸಂಜೆ ಪೂರ್ತಿ ಹಿಡಿಯಿತು. ಮರುದಿನ ಕೊಯ್ದ ಮೊದಲ ತುಂಡನ್ನು ಅದೇ ನೆಲದ ಮೇಲೆ ನಿಲ್ಲಿಸಿ ಕೈಬಿಟ್ಟೆ. ನೆಟ್ಟಗೆ ನಿಂತಿತು. ಕೆಳಗೆ ಬಿದ್ದಿದ್ದೆಲ್ಲ ಚಕ್ಕೆ.